ರೇಟು ದೊಡ್ಡಕ್ಷರದಲ್ಲಿತ್ತು, ತಾರೀಖು ಕಾಣಲೇ ಇಲ್ಲ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಷ್ಟು ಮಾತ್ರ ತಿದ್ದಲಾಗಿದೆ.)



ನಾನು ವೆಬ್‌ಸೈಟ್ ಡಿಸೈನ್ ಮಾಡೋಳು. ಕೆಲಸ ಬೆಂಗಳೂರಲ್ಲಿ, ಊರು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಒಳ್ಳೆ ವೆಬ್ ಡಿಸೈನ್ ಅಂದ್ರೆ ಏನು ಅಂತ ಮಾತಾಡೋಕೆ ಕರೆದಿದ್ದಾರೆ. ಯಾವ ಬಣ್ಣ ಚೆಂದ, ಯಾವ ಸಾಫ್ಟ್‌ವೇರ್ ಕಲೀಬೇಕು ಅಂತ ಹೇಳಬಹುದಿತ್ತು. ಅದು ನಿಮಗೆ ಎಲ್ಲಿ ಬೇಕಾದರೂ ಸಿಗುತ್ತೆ. ಅದರ ಬದಲು ನಾನೇ ಮಾಡಿದ ಒಂದು ತಪ್ಪಿನ ಕಥೆ ಹೇಳ್ತೀನಿ. ಆ ತಪ್ಪಿನಿಂದ ನಮ್ಮ ದೊಡ್ಡಪ್ಪನ ಕೈಗೆ ಅವರ ಲೆಕ್ಕಕ್ಕಿಂತ 4,500 ರೂಪಾಯಿ ಕಮ್ಮಿ ಬಂತು. ಅವರು ಅವತ್ತು ಹೇಳಿದ ಮಾತು ನನಗೆ ಯಾವ ಕೋರ್ಸಲ್ಲೂ ಸಿಕ್ಕಿರಲಿಲ್ಲ.

ಮೊದಲು ಕೊಬ್ಬರಿ ವಿಷಯ

ನಮ್ಮ ಕಡೆಯವರಲ್ಲದವರಿಗೆ ಸ್ವಲ್ಪ ಹಿನ್ನೆಲೆ ಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಮುತ್ತ ತೆಂಗೇ ಜೀವನ. ಕೇರಳದ ಕಡೆ ಕಾಯಿ ಒಡೆದು, ಒಣಗಿಸಿ, ಎಣ್ಣೆಗೆ ಹಾಕುವ ಹೋಳು ಕೊಬ್ಬರಿ ಜಾಸ್ತಿ. ನಮ್ಮದು ಉಂಡೆ ಕೊಬ್ಬರಿ. ಕಾಯನ್ನ ಒಡೆಯದೆ ಅಟ್ಟದ ಮೇಲೆ ಹಾಕಿ, ಹೆಚ್ಚುಕಮ್ಮಿ ವರ್ಷದಷ್ಟು ಕಾಲ ಬಿಡ್ತೀವಿ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಅನ್ನುತ್ತೆ. ಆಮೇಲೆ ಸುಲಿದು, ಚಿಪ್ಪು ಬಿಡಿಸಿ, ಇಡೀ ಉಂಡೆಯನ್ನ ಮಾರುಕಟ್ಟೆಗೆ ಒಯ್ಯೋದು.

ಅಂದ್ರೆ ಇವತ್ತು ನೀವು ಮಾರೋ ಮಾಲು ಹೋದ ವರ್ಷದ ಬೆವರು. ಯಾವತ್ತು ಮಾರಬೇಕು ಅನ್ನೋದು ಮನೆಯ ದೊಡ್ಡ ತೀರ್ಮಾನ. ಒಂದು ವಾರ ಹಿಂದೆ ಮುಂದೆ ಆದ್ರೆ ಫೀಸು, ಬ್ಯಾಂಕಿನ ಕಂತು, ಮದುವೆ ಖರ್ಚು ಎಲ್ಲದರ ಲೆಕ್ಕ ಏರುಪೇರು.

ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಹರಾಜು ದಿನಾ ಇರಲ್ಲ, ವಾರಕ್ಕೆ ಎರಡು ದಿನ. ಹಿಂದೆ ವ್ಯಾಪಾರಿಗಳು ಮಂಡಿಯಿಂದ ಮಂಡಿಗೆ ಓಡಾಡಿ ಚೀಟಿ ಹಾಕೋರು. ಈಗ ಆನ್‌ಲೈನ್ ಟೆಂಡರ್. 2014ರಲ್ಲಿ ಕರ್ನಾಟಕದ ಮಾರುಕಟ್ಟೆಗಳನ್ನ ಕಂಪ್ಯೂಟರಲ್ಲಿ ಒಂದಕ್ಕೊಂದು ಜೋಡಿಸೋಕೆ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಅನ್ನೋ ಸಂಸ್ಥೆ ಶುರುವಾಯಿತು. ದೇಶಕ್ಕೆಲ್ಲ ಇ-ನಾಮ್ ಬಂದಿದ್ದು ಅದಾದ ಮೇಲೆ, 2016ರ ಏಪ್ರಿಲ್‌ನಲ್ಲಿ. ಹಾಗಾಗಿ ನಮ್ಮ ರೈತರಿಗೆ 'ಆನ್‌ಲೈನ್' ಹೊಸ ಪದ ಅಲ್ಲ. ಸ್ಕ್ರೀನ್ ಅಂದ್ರೆ ಅವರಿಗೆ ಭಯ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ನನ್ನ ಚೆಂದದ ಪುಟ

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಊರಿಗೇನಾದ್ರೂ ಮಾಡಬೇಕು ಅನ್ನೋ ಹುಮ್ಮಸ್ಸು ಇರುತ್ತಲ್ಲ, ಅದರಲ್ಲಿ ನಾನೂ ಇಬ್ಬರು ಗೆಳೆಯರೂ ಸೇರಿ ಒಂದು ಸಣ್ಣ ವೆಬ್ ಪುಟ ಮಾಡಿದ್ವಿ. ಕೆಲಸ ಇಷ್ಟೇ: ಸರ್ಕಾರದ ಕೃಷಿ ಮಾರಾಟ ವಾಹಿನಿಯಂಥ ಕಡೆ ಎಲ್ಲರಿಗೂ ಸಿಗುವ ಬೆಲೆ ವರದಿ ನೋಡಿ, ಕೊಬ್ಬರಿ ರೇಟನ್ನ ಒಂದೇ ನೋಟಕ್ಕೆ ಕಾಣೋ ಹಾಗೆ ಹಾಕೋದು.

ಮೇಲೆ ತೆಂಗಿನ ತೋಟದ ದೊಡ್ಡ ಫೋಟೋ. ಮಧ್ಯದಲ್ಲಿ ಭಾರೀ ಗಾತ್ರದ ಅಂಕಿ. ಅದರ ಕೆಳಗೆ ತೆಳು ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ತಾರೀಖು. ಪುಟ ನೋಡೋಕೆ ತುಂಬಾ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆಫೀಸಲ್ಲಿ ತೋರಿಸಿದಾಗ ಎಲ್ಲರೂ ಹೊಗಳಿದರು. ಬೂದು ಬಣ್ಣದ ತಾರೀಖು ತುಂಬಾ 'ಕ್ಲೀನ್' ಆಗಿದೆ ಅಂದರು.

ಬೆಲೆ ವರದಿಯಲ್ಲಿ ಮೂರು ಅಂಕಿ ಇರುತ್ತೆ: ಕನಿಷ್ಠ, ಗರಿಷ್ಠ, ಮತ್ತೆ ಮೋಡಲ್. ಗರಿಷ್ಠ ಅಂದ್ರೆ ಆ ದಿನ ಎಲ್ಲಕ್ಕಿಂತ ಚೆನ್ನಾಗಿದ್ದ ಯಾವುದೋ ಒಂದು ಲಾಟಿಗೆ ಸಿಕ್ಕ ಬೆಲೆ. ಮೋಡಲ್ ಅಂದ್ರೆ ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯ್ತೋ ಅದು. ನಾನು ದೊಡ್ಡದಾಗಿ ಹಾಕಿದ್ದು ಗರಿಷ್ಠ. ಯಾಕೆ? ದೊಡ್ಡ ಅಂಕಿ ನೋಡೋಕೆ ಖುಷಿ ಕೊಡುತ್ತೆ ಅಂತ. ಬೇರೆ ಯಾವ ಕಾರಣವೂ ಇರಲಿಲ್ಲ.

ದೊಡ್ಡಪ್ಪ ಒಂದು ಬೆಳಿಗ್ಗೆ ಆ ಪುಟ ತೆಗೆದಿದ್ದಾರೆ. ಅಂಕಿ ಕಂಡಿದೆ. ಇನ್ನೂ ಎರಡು ವಾರ ಇಟ್ಟುಕೊಳ್ಳೋಣ ಅಂತಿದ್ದವರು, 'ರೇಟ್ ಚೆನ್ನಾಗೈತೆ' ಅಂತ ಐದು ಕ್ವಿಂಟಲ್ ಕೊಬ್ಬರಿ ಚೀಲಕ್ಕೆ ತುಂಬಿಸಿ, ಗೂಡ್ಸ್ ಆಟೋದಲ್ಲಿ ಮಂಡಿಗೆ ಇಳಿಸಿದ್ದಾರೆ. ಟೆಂಡರ್ ತೆರೆದಾಗ ನನ್ನ ಪುಟದ ಬೆಲೆಗಿಂತ ಕ್ವಿಂಟಲ್‌ಗೆ 900 ರೂಪಾಯಿ ಕಮ್ಮಿ. ಅವರು ನೋಡಿದ್ದು ಹಿಂದಿನ ಟೆಂಡರಿನ ಬೆಲೆ. ಅದೂ ಅವತ್ತಿನ ಅತಿ ಒಳ್ಳೆ ಲಾಟಿನದು.

ಆ ಬೆಲೆ ಅವರಿಗೆ ಹೇಗೂ ಸಿಗ್ತಿರಲಿಲ್ಲ, ನಿನ್ನ ತಪ್ಪೇನು ಅಂತ ನೀವು ಕೇಳಬಹುದು. ಸರಿಯಾದ್ದು ಗೊತ್ತಿದ್ದಿದ್ರೆ ಅವರು ಅವತ್ತು ಮಾಲು ಇಳಿಸ್ತಾನೇ ಇರಲಿಲ್ಲ. ಬಂದ ಮೇಲೆ ವಾಪಸ್ ಒಯ್ಯೋಕೆ ಮತ್ತೆ ಆಟೋ ಬಾಡಿಗೆ. ಅಷ್ಟರಲ್ಲಿ ಮಗನ ಕಾಲೇಜಿಗೆ ಇಂಥ ದಿನ ಫೀಸು ಕಟ್ತೀನಿ ಅಂತ ಮಾತು ಕೊಟ್ಟಾಗಿತ್ತು. ಮಾರಿಬಿಟ್ಟರು. ಕಮ್ಮಿ ಬಿದ್ದ 4,500 ರೂಪಾಯಿ ಕೈಸಾಲ ಮಾಡಿದರು.

ಭಾನುವಾರ ಊರಿಗೆ ಹೋದಾಗ ಬಯ್ತಾರೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಫೋನ್ ಮುಂದೆ ಹಿಡಿದು ಕೇಳಿದರು: "ಇದ್ರಲ್ಲಿ ಯಾವತ್ತಿನ ರೇಟು ಅಂತ ಎಲ್ಲೈತಮ್ಮ ತೋರ್ಸು." ತೋರಿಸಿದೆ. ಕನ್ನಡಕ ಹಾಕ್ಕೊಂಡು, ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಹೂಂ, ಐತೆ. ನೀನು ಸುಳ್ಳು ಬರ್ದಿಲ್ಲ ಕಣಮ್ಮ. ಆದ್ರೆ ನನಗೆ ಹೇಳ್ಳೂ ಇಲ್ಲ."

ಬರೆದಿದ್ದೆ, ಆದರೆ ಹೇಳಿರಲಿಲ್ಲ. ಇವತ್ತಿನ ನನ್ನ ಮಾತೆಲ್ಲ ಇಷ್ಟೇ. ಪುಟದಲ್ಲಿ ಒಂದು ವಿಷಯ 'ಇದೆ' ಅನ್ನೋದು ಬೇರೆ, ಅದು ಓದೋರಿಗೆ 'ತಲುಪಿದೆ' ಅನ್ನೋದು ಬೇರೆ. ಎರಡರ ನಡುವಿನ ದಾರಿ ಹಾಕೋದೇ ಡಿಸೈನ್.

ಮಂಡಿ ಜಗಲಿಯಲ್ಲಿ ಕೂತು ಕಲಿತದ್ದು

ಮುಂದಿನ ಟೆಂಡರ್ ದಿನ ನಾನು ರಜೆ ಹಾಕಿ ಮಂಡಿಗೆ ಹೋದೆ. ಪರಿಚಯದವರ ಮಂಡಿ ಜಗಲಿಯಲ್ಲಿ ಕೂತು, ಬಂದುಹೋಗೋ ಆರೇಳು ಜನರ ಕೈಗೆ ಫೋನ್ ಕೊಟ್ಟು, "ಇದನ್ನ ನೋಡಿ ನಾಳೆ ಮಾಲು ತರ್ತೀರೋ ಇಲ್ವೋ ಹೇಳಿ" ಅಂದೆ. ವಿವರಿಸಲಿಲ್ಲ, ಸುಮ್ಮನೆ ನೋಡ್ತಾ ಕೂತೆ. ಡಿಸೈನ್ ಕಲಿಯೋ ಎಲ್ಲರಿಗೂ ಹೇಳ್ತೀನಿ, ಇದಕ್ಕಿಂತ ಅಗ್ಗದ, ಇದಕ್ಕಿಂತ ಕಷ್ಟದ ಪಾಠ ಇನ್ನೊಂದಿಲ್ಲ. ಕಷ್ಟ ಯಾಕೆ ಅಂದ್ರೆ ಬಾಯಿ ಮುಚ್ಚಿಕೊಂಡಿರಬೇಕು.

ಮೊದಲು ಕಂಡಿದ್ದು ಬಿಸಿಲು. ಬೆಳಿಗ್ಗೆ ಹನ್ನೊಂದರ ಬಿಸಿಲಲ್ಲಿ ನನ್ನ 'ಕ್ಲೀನ್' ಬೂದು ಅಕ್ಷರ ಮಾಯ. ವೆಬ್ ಎಲ್ಲರಿಗೂ ಓದೋ ಹಾಗಿರಬೇಕು ಅಂತ ಅಂತಾರಾಷ್ಟ್ರೀಯ ಮಾರ್ಗಸೂಚಿ ಇದೆ. ಅದರ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇರಬೇಕು. ಇದನ್ನ ಅಳೆಯೋ ಉಚಿತ ಸಾಧನಗಳು ಬೇಕಾದಷ್ಟಿವೆ, ಅರ್ಧ ನಿಮಿಷದ ಕೆಲಸ. ನಾನು ಎಸಿ ರೂಮಲ್ಲಿ ಕೂತು ಮಾಡಿದ್ದೆ, ಅಳೆದೇ ಇರಲಿಲ್ಲ.

ಎರಡನೇದು 'ಮೋಡಲ್'. ಒಬ್ಬರಿಗೂ ಗೊತ್ತಾಗಲಿಲ್ಲ. ಒಬ್ಬರು ಅದನ್ನ ಮಾಡೆಲ್ ಅಂತ ಓದಿ, "ಯಾವ ಮಾಡೆಲ್ಲು?" ಅಂದರು. ನಾನು 'ಬಹುಲಕ ಬೆಲೆ' ಅಂತ ಬದಲಾಯಿಸೋಣ ಅಂದುಕೊಂಡೆ. ಗಣಿತದ ಪುಸ್ತಕದಲ್ಲಿ ಅದೇ ಪದ. ಅದೂ ಯಾರಿಗೂ ತಲುಪಲ್ಲ. ಕೊನೆಗೆ ಜಗಲಿಯಲ್ಲಿದ್ದವರೇ ಪದ ಕೊಟ್ಟರು: 'ಹೆಚ್ಚು ಮಾಲು ಹೋದ ರೇಟು'. ನಾಲ್ಕು ಪದ ಆಯ್ತು, ಇರಲಿ. ಅರ್ಥ ಆಗದ ಒಂದು ಪದಕ್ಕಿಂತ ಅರ್ಥ ಆಗೋ ನಾಲ್ಕು ಪದ ಚಿಕ್ಕದು.

ಮೂರನೇದು ನನ್ನ ಕಣ್ಣು ತೆರೆಸಿತು. ಜನ ನನ್ನ ಪುಟಕ್ಕೆ ಬರ್ತಾನೇ ಇರಲಿಲ್ಲ! ಯಾರೋ ಒಬ್ಬ ಹುಡುಗ ಪುಟ ತೆಗೆದು, ಸ್ಕ್ರೀನ್‌ಶಾಟ್ ಹೊಡೆದು, ಊರಿನ ವಾಟ್ಸ್‌ಆಪ್ ಗ್ರೂಪಿಗೆ ಹಾಕ್ತಿದ್ದ. ಉಳಿದವರು ನೋಡ್ತಿದ್ದದ್ದು ಆ ಚಿತ್ರ. ಅದು ಮೂರು ದಿನ ಫಾರ್ವರ್ಡ್ ಆಗ್ತಾನೇ ಇರುತ್ತೆ. ಅವನು ಅಂಕಿ ಇರೋವಷ್ಟು ಮಾತ್ರ ಕತ್ತರಿಸಿ ಕಳಿಸಿದ್ದ, ತಾರೀಖು ಆಚೆ ಉಳಿದುಬಿಟ್ಟಿತ್ತು. ಅವನ ತಪ್ಪಲ್ಲ. ಅಂಕಿಯನ್ನೂ ತಾರೀಖನ್ನೂ ಬೇರೆ ಮಾಡೋಕೆ ಜಾಗ ಬಿಟ್ಟಿದ್ದು ನಾನು.

ಆಮೇಲೆ ಪುಟವನ್ನ ಹೀಗೆ ಬದಲಾಯಿಸಿದ್ವಿ. ಎಲ್ಲಕ್ಕಿಂತ ಮೇಲೆ, ಕಪ್ಪು ಅಕ್ಷರದಲ್ಲಿ: 'ಇದು ಹಿಂದಿನ ಟೆಂಡರ್ ರೇಟು', ಪಕ್ಕದಲ್ಲೇ ವಾರ, ತಾರೀಖು. ಅದಕ್ಕೆ ಅಂಟಿಕೊಂಡ ಹಾಗೆ 'ಹೆಚ್ಚು ಮಾಲು ಹೋದ ರೇಟು' ದೊಡ್ಡದಾಗಿ. ಅದರ ಕೆಳಗೆ ಕನಿಷ್ಠ, ಗರಿಷ್ಠ ಚಿಕ್ಕದಾಗಿ. ಕೊನೆಗೆ 'ಮುಂದಿನ ಟೆಂಡರ್ ಯಾವತ್ತು'. ಇಷ್ಟೂ ಒಂದೇ ಚೌಕದೊಳಗೆ. ಯಾರು ಎಲ್ಲಿ ಕತ್ತರಿಸಿದರೂ ತಾರೀಖು ರೇಟಿನ ಜೊತೆಗೇ ಹೋಗಬೇಕು. ತೋಟದ ಫೋಟೋ ತೆಗೆದು ಬಿಸಾಕಿದ್ವಿ. ತೆಂಗಿನ ತೋಟದಲ್ಲೇ ನಿಂತು ಫೋನ್ ನೋಡೋರಿಗೆ ತೆಂಗಿನ ತೋಟದ ಫೋಟೋ ಯಾಕೆ ಹೇಳಿ? ಅದು ಹೋದ ಮೇಲೆ ಸಿಗ್ನಲ್ ಒಂದೇ ಕಡ್ಡಿ ಇದ್ದರೂ ಪುಟ ತೆರೆಯೋಕೆ ಶುರುವಾಯ್ತು.

ಬಸ್ಸಿನ ಬೋರ್ಡೂ, ಪಹಣಿಯ ಕಾಲಮ್ಮೂ

ಯಾವುದು ದೊಡ್ಡದು, ಯಾವುದು ಚಿಕ್ಕದು ಅನ್ನೋದನ್ನ ಡಿಸೈನ್ ತರಗತಿಯಲ್ಲಿ ವಾರಗಟ್ಟಲೆ ಹೇಳಿಕೊಡ್ತಾರೆ. ನಮ್ಮ ಕೆ.ಬಿ. ಕ್ರಾಸಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಅಲ್ಲಿಂದ ಒಂದು ದಾರಿ ತುರುವೇಕೆರೆಗೆ, ಒಂದು ಚಿಕ್ಕನಾಯಕನಹಳ್ಳಿಗೆ, ಒಂದು ತಿಪಟೂರಿಗೆ, ಇನ್ನೊಂದು ಗುಬ್ಬಿ ಮೇಲೆ ತುಮಕೂರಿಗೆ. ಬಸ್ಸು ಬರ್ತಿದ್ದ ಹಾಗೆ ಜನ ನೋಡೋದು ಒಂದೇ, ಕೊನೆಯ ಊರು ಯಾವುದು. ಅದು ದೊಡ್ಡಕ್ಷರದಲ್ಲಿರುತ್ತೆ. ಮಧ್ಯದ ಊರುಗಳು ಚಿಕ್ಕದಾಗಿ. ಬಸ್ಸು ಯಾವ ಡಿಪೋದು ಅನ್ನೋದು ಇನ್ನೂ ಚಿಕ್ಕದು. ಈಗ ನಮ್ಮಲ್ಲಿನ ಎಷ್ಟೋ ವೆಬ್‌ಸೈಟ್ ನೆನಪಿಸಿಕೊಳ್ಳಿ. ಮೊದಲು ಸಂಸ್ಥೆಯ ಲಾಂಛನ, ಆಮೇಲೆ ಗಣ್ಯರ ಫೋಟೋ, ಆಮೇಲೆ ಓಡಾಡೋ ಅಕ್ಷರ. ನೀವು ಹುಡುಕ್ತಿರೋ ಅರ್ಜಿ ಎಲ್ಲೋ ಏಳನೇ ಸಾಲಲ್ಲಿ. ಡಿಪೋ ಹೆಸರನ್ನ ಬಸ್ಸಿನ ಹಣೆ ತುಂಬಾ ಬರೆದ ಹಾಗೆ.

ಇನ್ನೊಂದು ಪಾಠ ಪಹಣಿಯದು. ಪಹಣಿ ನೋಡೋಕೆ ಚೆಂದದ ಕಾಗದವೇನಲ್ಲ, ಒತ್ತೊತ್ತಾಗಿ ಮನೆಗಳು. ಆದ್ರೂ ಓದು ಬರೋ ಯಾವ ರೈತರಿಗೆ ಕೊಟ್ಟರೂ ಬೆರಳು ಸೀದಾ 9ನೇ ಕಾಲಮ್ಮಿಗೆ ಹೋಗುತ್ತೆ, ಅಲ್ಲಿ ಮಾಲೀಕರ ಹೆಸರು. ಸಾಲ, ಋಣ ನೋಡೋಕೆ 11ನೇ ಕಾಲಂ. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂದ ಮೇಲೂ ಜನ ಕಾಲಂ ನಂಬರಿನಲ್ಲೇ ಮಾತಾಡ್ತಾರೆ. ಅಂದ್ರೆ ಒಂದು ವಿಷಯ ಯಾವಾಗಲೂ ಒಂದೇ ಜಾಗದಲ್ಲಿದ್ದರೆ ಜನ ಅದನ್ನ ಕಲೀತಾರೆ, ಆಮೇಲೆ ಹುಡುಕೋದಿಲ್ಲ. ಇದು ನನಗೆ ತಡವಾಗಿ ಹೊಳೀತು. ಪುಟವನ್ನ ಇನ್ನಷ್ಟು ಚೆಂದ ಮಾಡ್ತೀನಿ ಅಂತ ಎರಡು ತಿಂಗಳಲ್ಲಿ ಎರಡು ಸಲ ರೇಟಿನ ಜಾಗ ಬದಲಾಯಿಸಿದೆ. ಮೂರನೇ ಸಲಕ್ಕೆ ದೊಡ್ಡಪ್ಪ ಅಂದರು, "ಅಟ್ಟದ ಏಣಿ ದಿನಾ ಜಾಗ ಬದಲಾಯಿಸ್ತಿದ್ರೆ ಕತ್ತಲಲ್ಲಿ ಹತ್ತೋರ ಗತಿ ಏನಮ್ಮ?" ಅವತ್ತಿಂದ ಜಾಗ ಮುಟ್ಟಿಲ್ಲ.

ಕನ್ನಡಕ್ಕೆ ಕನ್ನಡದ್ದೇ ಅಳತೆ

ಈಗ ಡಿಸೈನ್ ಮಾಡೋ ಹುಡುಗ ಹುಡುಗಿಯರಿಗೆ ಸ್ವಲ್ಪ ಒಳಗಿನ ಮಾತು. ನಾವು ಬಹಳಷ್ಟು ಸಲ ಪುಟವನ್ನ ಇಂಗ್ಲಿಷಲ್ಲಿ ಮಾಡಿ, ಕೊನೆಗೆ ಅದೇ ಜಾಗಕ್ಕೆ ಕನ್ನಡ ತುರುಕ್ತೀವಿ. 'ಕೊಬ್ಬರಿ' ಅನ್ನೋ ಪದವನ್ನೇ ತಗೊಳ್ಳಿ. ಬ ಕೆಳಗೆ ಒತ್ತು ಇದೆ. ಸಾಲುಗಳ ನಡುವಿನ ಅಂತರವನ್ನ ಇಂಗ್ಲಿಷಿಗೆ ಇಡೋ ಅಷ್ಟೇ ಇಟ್ಟರೆ ಒತ್ತು ಕೆಳಗಿನ ಸಾಲಿಗೆ ತಾಗುತ್ತೆ, ಬಟನ್ ಒಳಗಾದ್ರೆ ಕತ್ತರಿಸಿಯೇ ಹೋಗುತ್ತೆ. ಆಗ ಓದೋದು 'ಕೊಬರಿ'. 'ಕ್ವಿಂಟಲ್' ಕಥೆಯೂ ಅದೇ. ಇಂಗ್ಲಿಷಿಗೆ ಒಂದೂವರೆ ಪಟ್ಟು ಸಾಲಂತರ ಸಾಕಾದ್ರೆ ನಾನು ಕನ್ನಡಕ್ಕೆ ಒಂದೂ ಮುಕ್ಕಾಲು ಇಡ್ತೀನಿ.

ಇಂಗ್ಲಿಷಲ್ಲಿ ಒತ್ತಿ ಹೇಳಬೇಕಾದ್ರೆ ಎಲ್ಲ ದೊಡ್ಡಕ್ಷರ ಮಾಡ್ತಾರೆ. ನಮ್ಮಲ್ಲಿ ಆ ಭೇದವೇ ಇಲ್ಲ. ಅಕ್ಷರವನ್ನ ವಾಲಿಸೋದೂ ಕನ್ನಡಕ್ಕೆ ಒಗ್ಗಲ್ಲ. ಹಾಗಾಗಿ ಗಾತ್ರ, ದಪ್ಪ, ಖಾಲಿ ಜಾಗ, ಈ ಮೂರರಲ್ಲೇ ಹೇಳಬೇಕು. ಅಕ್ಷರ ಅಕ್ಷರದ ನಡುವೆ ಜಾಗ ಬಿಟ್ಟು ಹಿಗ್ಗಿಸೋದಂತೂ ಬೇಡ, ಪದ ಒಡೆದು ಚೂರಾಗುತ್ತೆ. ಒಳ್ಳೆ ಸುದ್ದಿ ಏನಂದ್ರೆ ಈಗ ಉಚಿತವಾಗಿ ಒಳ್ಳೊಳ್ಳೆ ಕನ್ನಡ ಅಕ್ಷರಶೈಲಿಗಳಿವೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ಹೀಗೆ.

ಭಾಷಾಂತರದ ವಿಷಯ ಹೇಳದಿದ್ದರೆ ಆಗಲ್ಲ. ಪುಟದ ಮೊದಲ ಬಟನ್ ಮೇಲೆ 'ಮನೆ' ಅಂತ ಬರೆದಿರೋದನ್ನ ನೀವೂ ನೋಡಿರ್ತೀರಿ. ಹೋಮ್ ಅನ್ನೋದನ್ನ ಯಂತ್ರ ಮನೆ ಮಾಡಿದೆ. 'ಮುಖಪುಟ' ಅಂದ್ರೆ ಎಲ್ಲರಿಗೂ ಗೊತ್ತು. ಫಾರ್ಮಲ್ಲಿ 'ಕೊನೆಯ ಹೆಸರು' ಕಡ್ಡಾಯ ಅಂತಾರೆ. ನಮ್ಮ ಕಡೆ ಅರ್ಧಕ್ಕರ್ಧ ಜನಕ್ಕೆ ಹೆಸರಿನ ಹಿಂದೆ ಒಂದೆರಡು ಇನಿಷಿಯಲ್ ಬಿಟ್ಟರೆ ಅಡ್ಡಹೆಸರೇ ಇಲ್ಲ. ಆಗ ಒಬ್ಬರು ಅಪ್ಪನ ಹೆಸರು ಹಾಕ್ತಾರೆ, ಒಬ್ಬರು ಊರಿನ ಹೆಸರು, ಇನ್ನೊಬ್ಬರು ಚುಕ್ಕಿ. ಮುಂದೆ ಆಧಾರ್‌ಗೂ ಪಹಣಿಗೂ ಹೆಸರು ಹೊಂದಲ್ಲ ಅಂತ ಅರ್ಜಿ ನಿಲ್ಲುತ್ತೆ. 'ಪೂರ್ತಿ ಹೆಸರು, ಆಧಾರ್‌ನಲ್ಲಿ ಇರೋ ಹಾಗೆ' ಅಂತ ಒಂದೇ ಮನೆ ಕೊಟ್ಟಿದ್ದರೆ ಮುಗೀತಿತ್ತು.

ಒಂದು ಪದ ಬಿಟ್ಟರೆ 840 ರೂಪಾಯಿ

ಸ್ಪಷ್ಟತೆ ಅಂದ್ರೆ ಬರೀ ಅಂದದ ಮಾತಲ್ಲ ಅನ್ನೋದಕ್ಕೆ ಇನ್ನೊಂದು ಉದಾಹರಣೆ. ಕೇಂದ್ರ ಸರ್ಕಾರ ಕೊಬ್ಬರಿಗೆ ಬೆಂಬಲ ಬೆಲೆ ಘೋಷಿಸುತ್ತಲ್ಲ, ಅದು ಒಂದಲ್ಲ, ಎರಡು. 2024ರ ಹಂಗಾಮಿಗೆ ಹೋಳು ಕೊಬ್ಬರಿಗೆ ಕ್ವಿಂಟಲ್‌ಗೆ 11,160 ರೂಪಾಯಿ, ಉಂಡೆ ಕೊಬ್ಬರಿಗೆ 12,000 ಇತ್ತು. ನಡುವೆ 840 ರೂಪಾಯಿ. 'ಕೊಬ್ಬರಿ ಬೆಂಬಲ ಬೆಲೆ 11,160' ಅಂತ ಆಗ ಒಂದು ಪುಟ ಹಾಕಿದ್ದರೆ ಅದು ಸುಳ್ಳಾಗ್ತಿರಲಿಲ್ಲ. ಆದ್ರೆ ತಿಪಟೂರಿನ ರೈತರಿಗೆ ಅದು ಅವರ ಬೆಲೆಯೇ ಅಲ್ಲ. 'ಉಂಡೆ' ಅನ್ನೋ ಎರಡಕ್ಷರ ಇದ್ದರೆ ಮಾತ್ರ ಅವರಿಗೆ ಉತ್ತರ. ದೊಡ್ಡಪ್ಪನ ಮಾತೇ ಮತ್ತೆ: ಬರೆದಿದೆ, ಹೇಳಿಲ್ಲ. 2023ರಲ್ಲಿ ಮಾರುಕಟ್ಟೆ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಿತ್ತು. ಅಂಥ ಕಾಲದಲ್ಲಿ ಯಾವ ಅಂಕಿ ತನ್ನದು ಅಂತ ಗೊತ್ತಾಗೋದು ಬದುಕಿನ ಪ್ರಶ್ನೆ.

ಇದು ನಮ್ಮೊಬ್ಬರ ಕಥೆ ಅಲ್ಲ. ಬ್ರಿಟನ್ ಸರ್ಕಾರ 2012ರಲ್ಲಿ ನೂರಾರು ಇಲಾಖಾ ವೆಬ್‌ಸೈಟ್‌ಗಳನ್ನ ಒಂದೇ ಕಡೆಗೆ ತರೋಕೆ ಶುರು ಮಾಡಿತು. ಚಿತ್ರ ಇಲ್ಲ, ಅಲಂಕಾರ ಇಲ್ಲ, ಕಪ್ಪು ಬಿಳುಪಿನ ಸರಳ ಪುಟ. ಜನ ಏನು ಕೇಳಿಕೊಂಡು ಬರ್ತಾರೋ ಅದಕ್ಕೆ ಮೊದಲು ಉತ್ತರ. 2013ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ಕೊಡೋ ವರ್ಷದ ಡಿಸೈನ್ ಪ್ರಶಸ್ತಿ ಬಂದಿದ್ದು ಅದಕ್ಕೇ. ಕಟ್ಟಡ, ಕಾರು, ಕುರ್ಚಿಗಳಿಗೆಲ್ಲ ಸ್ಪರ್ಧೆ ಕೊಟ್ಟು ಗೆದ್ದದ್ದು ಒಂದು ಸರ್ಕಾರಿ ವೆಬ್‌ಸೈಟ್! ನಮ್ಮಲ್ಲೂ ಸರ್ಕಾರಿ ಜಾಲತಾಣಗಳು ಹೇಗಿರಬೇಕು ಅನ್ನೋ ಮಾರ್ಗಸೂಚಿ 2009ರಿಂದಲೇ ಇದೆ. ಕಣ್ಣು ಕಾಣದವರ ಫೋನು ಓದಿ ಹೇಳೋ ಹಾಗೆ ಪುಟ ಇರಬೇಕು ಅನ್ನೋದೂ ಅದರಲ್ಲಿದೆ. ಆದ್ರೆ ಸುತ್ತೋಲೆಯನ್ನ ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕಿದರೆ ಆ ಫೋನಿಗೆ ಅದು ಬರೀ ಒಂದು ಫೋಟೋ. ಸರ್ಚ್‌ನಲ್ಲೂ ಸಿಗಲ್ಲ, ಸಣ್ಣ ಸ್ಕ್ರೀನಲ್ಲೂ ಓದೋಕಾಗಲ್ಲ. ಅದನ್ನೇ ಯೂನಿಕೋಡಲ್ಲಿ ಟೈಪ್ ಮಾಡಿ ಹಾಕಿದರೆ ಮೂರೂ ಆಗುತ್ತೆ.

ಕೊನೆಗೆ

ಪುಟ ಈಗಲೂ ಇದೆ. ಆಫೀಸಲ್ಲಿ ತೋರಿಸಿದರೆ ಈಗ ಯಾರೂ ಹೊಗಳಲ್ಲ. "ಇಷ್ಟೇನಾ?" ಅಂತಾರೆ. ದೊಡ್ಡಪ್ಪ ಪ್ರತಿ ಟೆಂಡರ್ ಆದ ಮೇಲೆ ನೋಡ್ತಾರೆ. ಆದ್ರೂ ಮಾಲು ತುಂಬಿಸೋ ಮುಂಚೆ ಮಂಡಿಗೆ ಒಂದು ಫೋನ್ ಮಾಡದೆ ಇರಲ್ಲ. ಮೊದಮೊದಲು ನನಗೆ ಬೇಜಾರಾಗ್ತಿತ್ತು, ನನ್ನ ಪುಟ ನಂಬಲ್ವಾ ಅಂತ. ಈಗ ಚೌಕದ ಕೆಳಗೆ ನಾನೇ ಒಂದು ಸಾಲು ಸೇರಿಸಿದ್ದೀನಿ: 'ಮಾಲು ತರುವ ಮುಂಚೆ ನಿಮ್ಮ ಮಂಡಿಗೆ ಒಮ್ಮೆ ಫೋನ್ ಮಾಡಿ.' ತನಗೆ ಗೊತ್ತಿಲ್ಲದ್ದು ಎಲ್ಲಿ ಸಿಗುತ್ತೆ ಅಂತ ಹೇಳೋದೂ ಪುಟದ ಕೆಲಸ.

ಕೇಳ್ತಿರೋ ನಿಮಗೆ ಒಂದು ಸಣ್ಣ ಕೆಲಸ. ಕಾಲೇಜಿನ ನೋಟಿಸ್, ಊರ ಜಾತ್ರೆಯ ಪೋಸ್ಟರ್, ರಕ್ತದಾನ ಶಿಬಿರದ ವಾಟ್ಸ್‌ಆಪ್ ಚಿತ್ರ, ನೀವೂ ಏನಾದ್ರೂ ಮಾಡೇ ಮಾಡಿರ್ತೀರಿ. ಅದನ್ನ ನಿಮ್ಮ ಅಜ್ಜಿಗೋ ಅಪ್ಪನಿಗೋ ಬಿಸಿಲಲ್ಲಿ ನಿಲ್ಲಿಸಿ ತೋರಿಸಿ. "ಇದ್ರಲ್ಲಿ ಯಾವತ್ತು, ಎಲ್ಲಿ, ಏನು ಮಾಡ್ಬೇಕು?" ಅಂತ ಕೇಳಿ, ಸುಮ್ಮನಿರಿ. ಅವರು ಕನ್ನಡಕ ಹುಡುಕೋಕೆ ಹೋದರೆ, ತಿದ್ದಬೇಕಾದ್ದು ಅವರ ಕಣ್ಣಲ್ಲ.

ನಮ್ಮ ಕಡೆ ಬಂದರೆ ಬನ್ನಿ, ಎಳನೀರು ಅಂತೂ ಗ್ಯಾರಂಟಿ.